ತೊಗಲೊಳಗಣ ನೀರು

ಅರಕೇರಾದ ಬಿಸಿಲನ್ನು ಬಲ್ಲವರಿಗೆ ಅದನ್ನು ಬಣ್ಣಿಸಬೇಕಾಗಿಲ್ಲ. ಅರಿಯದವರಿಗೆ ಎಷ್ಟು ಬಣ್ಣಿಸಿದರೂ ನಂಬಿಕೆ ಹುಟ್ಟುವುದಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಎರಡು ಹೊಳೆಗಳ ನಡುವೆ ಕುಳಿತೂ ನೀರಿಗಾಗಿ ಬಾಯಿಬಿಟ್ಟ ನಾಡು ನಮ್ಮದು ಎಂದು ಹಿರಿಯರು ಹೇಳುತ್ತಿದ್ದ ಮಾತಿನಲ್ಲಿ ಕಾಲುವೆಗಳು ಬಂದ ಮೇಲೂ ಸತ್ಯದ ಅಂಶ ಉಳಿದೇ ಇದೆ. ವೈಶಾಖದಲ್ಲಿ ಶಾಖಮಾಪಕದ ಪಾದರಸ ನಲವತ್ತು ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥದೊಂದು ಮಧ್ಯಾಹ್ನ ನಾನು ಬೇವಿನ ಮರದ ನೆರಳಿನಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಹಿಂದೆ ನನ್ನ ಬಳಿ ಕಲಿತು ಈಗ ಪದವಿ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಬಂದು ನಮಸ್ಕರಿಸಿದಳು. ಸ್ವಲ್ಪ ಹೊತ್ತು ಅನುಮಾನಿಸಿ, ಕೈಚೀಲದಿಂದ ಹೆಬ್ಬೆರಳಿನ ಗಾತ್ರದ ಗಾಜಿನ ಶೀಷೆಯೊಂದನ್ನು ಹೊರಗೆ ತೆಗೆದಳು.

“ಸರ್, ಇದರಾಗ ಹೈಲುರಾನಿಕ್ ಆಸಿಡ್ ಅದಂತ್ರಿ. ದಿನಾ ಹಚ್ಚಿಕೊಂಡ್ರ ಮುಖದಾಗ ನೀರು ನಿಂದರ್ತದಂತ. ಖರೇ ಏನ್ರಿ?”

“ಎಷ್ಟು ಕೊಟ್ಟೆವ್ವಾ ಇದಕ್ಕ?” ಎಂದು ಕೇಳಿದೆ.

“ಅವ್ವನ ಮೂರು ದಿನದ ಕೂಲಿ, ಸರ್” ಎಂದಳು. ಹೇಳಿ ನೆಲ ನೋಡಿದಳು.

ನಾನು ಭಾಷೆ ಕಲಿಸುವವನು. ರಸಾಯನಶಾಸ್ತ್ರದ ಮಾತು ಬಂದರೆ ಮೌನವೇ ನನಗೆ ಭೂಷಣ. “ತಿಳಕೊಂಡು ಹೇಳತೀನಿ” ಎಂದು ಅವಳನ್ನು ಕಳುಹಿಸಿಕೊಟ್ಟೆ. ಆಮೇಲೆ ಹದಿನೈದು ದಿನ ಪುಸ್ತಕಗಳನ್ನು ತಿರುವಿದೆ, ಬಲ್ಲ ವೈದ್ಯ ಮಿತ್ರರನ್ನು ಕಾಡಿದೆ. ತಿಳಿದುಬಂದದ್ದನ್ನು ಅವಳಿಗೆ ಮಾತ್ರ ಹೇಳಿ ಸುಮ್ಮನಿರಬಹುದಿತ್ತು. ಆದರೆ ಆ ಪ್ರಶ್ನೆ ಅವಳೊಬ್ಬಳದಲ್ಲ. ದೇವದುರ್ಗ, ಮಾನ್ವಿ, ರಾಯಚೂರುಗಳ ಅಂಗಡಿಗಳಲ್ಲಿ ಇಂಥ ಶೀಷೆಗಳನ್ನು ಹಿಡಿದು ನೋಡುವ ನೂರಾರು ಕೈಗಳ ಪ್ರಶ್ನೆ. ಆದ್ದರಿಂದ ಈ ಲೇಖನ.

ಮೊದಲು ಹೆಸರಿನ ವಿಚಾರ. ೧೯೩೪ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ವಿಜ್ಞಾನಿಗಳು ದನದ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ಲೋಳೆಯಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ಗಾಜಿಗೆ ‘ಹ್ಯಾಲೋಸ್’ ಎಂದು ಹೆಸರು. ಆ ವಸ್ತುವಿನಲ್ಲಿ ಯುರಾನಿಕ್ ಆಮ್ಲದ ಅಂಶವಿತ್ತು. ಎರಡನ್ನೂ ಕೂಡಿಸಿ ಹೈಲುರಾನಿಕ್ ಆಮ್ಲ ಎಂದು ಕರೆದರು. ಆಮ್ಲವೆಂದ ಮಾತ್ರಕ್ಕೆ ಸುಡುವ ಪದಾರ್ಥವೆಂದು ಯಾರೂ ಬೆದರಬೇಕಾಗಿಲ್ಲ. ನಿಜವಾಗಿ ನೋಡಿದರೆ ಅದು ಸಕ್ಕರೆಯ ಜಾತಿಗೆ ಸೇರಿದ್ದು. ಎರಡು ಬಗೆಯ ಸಕ್ಕರೆಯ ಅಣುಗಳು ಒಂದಾದ ಮೇಲೊಂದರಂತೆ ಸಾವಿರಾರು ಸಲ ಪೋಣಿಸಿಕೊಂಡು ಆದ ಉದ್ದನೆಯ ಸರ ಅದು.

ಈ ಸರ ನಮ್ಮೆಲ್ಲರ ಮೈಯಲ್ಲಿಯೂ ಇದೆ. ಎಪ್ಪತ್ತು ಕಿಲೋ ತೂಗುವ ಮನುಷ್ಯನಲ್ಲಿ ಅದು ಸುಮಾರು ೧೫ ಗ್ರಾಂ ಇರುತ್ತದೆಂದೂ, ಅದರಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಚರ್ಮದಲ್ಲಿಯೇ ಇದೆಯೆಂದೂ ಬಲ್ಲವರು ಲೆಕ್ಕ ಹಾಕಿದ್ದಾರೆ. ಇನ್ನೂ ಸೋಜಿಗದ ಸಂಗತಿಯೆಂದರೆ ಆ ೧೫ ಗ್ರಾಮಿನಲ್ಲಿ ಮೂರರಲ್ಲೊಂದು ಪಾಲು ಪ್ರತಿದಿನವೂ ಒಡೆದುಹೋಗಿ, ಅಷ್ಟೇ ಹೊಸದಾಗಿ ಹುಟ್ಟುತ್ತದೆ. ಯಾವ ಶೀಷೆಯ ಹಂಗೂ ಇಲ್ಲದೆ, ಯಾರಿಗೂ ಹೇಳದೆ ಕೇಳದೆ, ದೇಹವು ಇದನ್ನು ನಿತ್ಯ ನೆಯ್ದು ಬಿಚ್ಚುತ್ತಿರುತ್ತದೆ. ಅದರ ಮುಖ್ಯ ಕೆಲಸ ನೀರನ್ನು ಹಿಡಿದಿಡುವುದು. ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತದೆಂಬ ಜಾಹೀರಾತಿನ ಲೆಕ್ಕವನ್ನು ಬದಿಗಿಟ್ಟರೂ, ನೀರಿನೊಡನೆ ಅದಕ್ಕಿರುವ ನಂಟು ಬಲವಾದದ್ದೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ರೈತರಿಗೆ ಇದನ್ನು ತಿಳಿಸಲು ಪ್ರಯೋಗಶಾಲೆ ಬೇಡ, ಎರೆಹೊಲ ಸಾಕು. ಮಸಾರಿ ನೆಲದಲ್ಲಿ ಬಿದ್ದ ಮಳೆ ಬೇಗ ಬಸಿದು ಹೋಗುತ್ತದೆ. ಎರೆಮಣ್ಣು ಹಾಗಲ್ಲ, ಅದು ನೀರು ಕುಡಿದು ಉಬ್ಬುತ್ತದೆ, ಹಿಂಗಾರಿ ಜೋಳಕ್ಕೆ ತಿಂಗಳುಗಟ್ಟಲೆ ಹಸಿಯನ್ನು ಕಾಯ್ದುಕೊಡುತ್ತದೆ. ನೀರು ಆರಿದಾಗ ಅದೇ ಮಣ್ಣು ಕಾಲು ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಒಳಚರ್ಮದಲ್ಲಿ ಹೈಲುರಾನಿಕ್ ಆಮ್ಲವು ಮಾಡುವುದು ಎರೆಮಣ್ಣಿನ ಕೆಲಸ. ವಯಸ್ಸಾದಂತೆ ಚರ್ಮದ ಮೇಲುಪದರದಲ್ಲಿ ಅದು ಕಡಿಮೆಯಾಗುತ್ತ ಬರುತ್ತದೆ. ಬಿಸಿಲಿಗೆ ಬಹುಕಾಲ ಮೈಯೊಡ್ಡಿದವರ ತೊಗಲು ವಯಸ್ಸಿಗೆ ಮುಂಚೆಯೇ ಸಡಿಲಾಗಿ ನಿರಿಗೆ ಕಟ್ಟುತ್ತದೆ.

ಹಾಗಾದರೆ ಕಡಿಮೆಯಾದದ್ದನ್ನು ಹೊರಗಿನಿಂದ ಹಚ್ಚಿ ತುಂಬಬಹುದಲ್ಲ, ಎಂದು ಯಾರಿಗಾದರೂ ತೋರುವುದು ಸಹಜ. ಮಾರಾಟಗಾರನೂ ಅದನ್ನೇ ಹೇಳುತ್ತಾನೆ. ಇಲ್ಲಿಯೇ ತೊಡಕಿರುವುದು. ಚರ್ಮದ ತೀರ ಹೊರಗಿನ ಪದರ ನಮ್ಮ ಮಾಳಿಗೆ ಮನೆಯ ಗೋಡೆಯಂತೆ. ಸತ್ತು ಒಣಗಿದ ಜೀವಕೋಶಗಳು ಅದರ ಕಲ್ಲು. ಅವುಗಳ ನಡುವಣ ಜಿಡ್ಡು ಅದರ ಗಾರೆ. ದಪ್ಪವೆಷ್ಟೆಂದರೆ ಮುಖದ ಮೇಲೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಆದರೂ ಒಳಗಿನ ನೀರು ಹೊರಗೆ ಆವಿಯಾಗಿ ಹೋಗದಂತೆ, ಹೊರಗಿನ ಕಸ ಒಳಗೆ ನುಗ್ಗದಂತೆ ಕಾಯುವುದು ಈ ಗೋಡೆಯೇ. ಐನೂರು ಡಾಲ್ಟನ್ನಿಗಿಂತ ಭಾರವಾದ ಅಣು ಈ ಗೋಡೆಯನ್ನು ದಾಟುವುದು ಬಹಳ ಕಷ್ಟವೆಂದು ಚರ್ಮಶಾಸ್ತ್ರಜ್ಞರು ಹೇಳುತ್ತಾರೆ. ಡಾಲ್ಟನ್ ಎಂಬುದು ಅಣುಗಳನ್ನು ತೂಗುವ ಅಳತೆ. ದೇಹದಲ್ಲಿರುವ ಹೈಲುರಾನಿಕ್ ಆಮ್ಲದ ಒಂದು ಸರದ ತೂಕ ಹತ್ತಾರು ಲಕ್ಷ ಡಾಲ್ಟನ್! ಅದನ್ನು ಚೂರು ಮಾಡಿ ಲೇಪನಗಳಿಗೆ ಬೆರೆಸುವುದುಂಟು. ಆ ಚೂರುಗಳೂ ಸಾಮಾನ್ಯವಾಗಿ ಸಾವಿರಾರು ಡಾಲ್ಟನ್ ತೂಗುತ್ತವೆ. ಅವುಗಳಲ್ಲಿ ಕೆಲವು ಸ್ವಲ್ಪ ಕೆಳಗೆ ಇಳಿದರೂ ಇಳಿಯಬಹುದು. ಆದರೆ ಇಳಿಯುವುದು ಬೇರೆ, ಒಳಗೆ ಕಳೆದುಹೋದುದರ ಸ್ಥಾನವನ್ನು ತುಂಬುವುದು ಬೇರೆ. ಬಿರುಕು ಬಿಟ್ಟ ಎರೆಹೊಲದ ಮೇಲೆ ಒಂದು ಬುಟ್ಟಿ ಎರೆಮಣ್ಣು ಚೆಲ್ಲಿ ಬಂದರೆ ಹೊಲಕ್ಕೆ ಹಸಿ ಬಂದೀತೇ?

ಹಾಗೆಂದು ಶೀಷೆಯಲ್ಲಿರುವುದು ಬರೀ ಮೋಸವೆಂದೂ ನಾನು ಹೇಳಲಾರೆ. ಅದು ಮೇಲುಪದರವನ್ನು ತೇವವಾಗಿಡುತ್ತದೆ. ಹಚ್ಚಿದ ಕೆಲವು ಗಂಟೆ ಚರ್ಮ ನುಣುಪಾಗಿ ಕಾಣುತ್ತದೆ. ಆದರೆ ಬಹಳ ಅಗ್ಗದ ಗ್ಲಿಸರಿನ್ನೂ ಈ ಕೆಲಸ ಮಾಡುತ್ತದೆ. ಒಣಹವೆಯ ನಮ್ಮಂಥ ಸೀಮೆಯಲ್ಲಿ ಹಿಡಿದ ನೀರು ಹಾರಿಹೋಗದಂತೆ ಮೇಲೊಂದು ಮುಚ್ಚಿಗೆಯೂ ಬೇಕು. ಮೈ ತೊಳೆದು, ಇನ್ನೂ ಹಸಿಯಿರುವಾಗಲೇ ತೆಳ್ಳಗೆ ವ್ಯಾಸಲೀನನ್ನೋ ಎಣ್ಣೆಯನ್ನೋ ಸವರಿಕೊಳ್ಳುವುದು ಅಂಥ ಮುಚ್ಚಿಗೆ. ಹಬ್ಬದ ದಿನ ಎಣ್ಣೆ ಹಚ್ಚಿ ಎರೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಅಣುವಿನ ತೂಕ ಗೊತ್ತಿರಲಿಲ್ಲ, ಚರ್ಮದ ಸ್ವಭಾವ ಗೊತ್ತಿತ್ತು. ಹಳೆಯದೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಎಲ್ಲ ಎಣ್ಣೆಯೂ ಎಲ್ಲರಿಗೂ ಆಗುವುದಿಲ್ಲ, ಮೊಡವೆಯ ಮುಖಕ್ಕೆ ಎಣ್ಣೆ ಕೇಡನ್ನೇ ಮಾಡೀತು. ಆದರೆ ನಮ್ಮ ಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿಯ ಮಾತೊಂದನ್ನು ಹೇಳಬೇಕು. ಬಾಂಗ್ಲಾದೇಶದ ಢಾಕಾದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ಮೈಗೆ ಸೂರ್ಯಕಾಂತಿ ಬೀಜದ ಎಣ್ಣೆ ಸವರಿ ನೋಡಿದಾಗ ಚರ್ಮದ ಕಾವಲು ಬಲಗೊಂಡು ನಂಜು ತಗಲುವುದು ಕಡಿಮೆಯಾಯಿತೆಂದು ೨೦೦೫ರಲ್ಲಿ ವೈದ್ಯರು ವರದಿ ಮಾಡಿದರು.

ಹಚ್ಚುವುದರಿಂದ ಒಳಗೆ ಹೋಗದಿದ್ದರೆ ಚುಚ್ಚಿ ತುಂಬಬಹುದು. ಪೇಟೆಯ ಚಿಕಿತ್ಸಾಲಯಗಳು ‘ಫಿಲ್ಲರ್’ ಎಂದು ಕರೆಯುವುದು ಇದನ್ನೇ. ಮುಖದ ಕುಳಿಗಳನ್ನು ಸೂಜಿಯಿಂದ ತುಂಬುವ ಹಂಬಲ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಯೂರೋಪಿನವರು ಪ್ಯಾರಾಫಿನ್ ಮೇಣವನ್ನು ಕರಗಿಸಿ ಚರ್ಮದೊಳಕ್ಕೆ ಚುಚ್ಚುತ್ತಿದ್ದರು. ಆಮೇಲೆ ಮಾರ್ಲ್‌ಬರೋ ಡ್ಯೂಕನ ಪತ್ನಿಯಾದ ಗ್ಲಾಡಿಸ್ ಡೀಕನ್ ಎಂಬ ಸುಪ್ರಸಿದ್ಧ ಸುಂದರಿ ತನ್ನ ಮೂಗನ್ನು ಇನ್ನಷ್ಟು ನೇರ ಮಾಡಿಕೊಳ್ಳಲು ಹೀಗೆ ಮೇಣ ಹಾಕಿಸಿಕೊಂಡಳು. ಮೇಣ ಜಾರಿ, ಇದ್ದ ಚೆಲುವೂ ಕೆಟ್ಟುಹೋಯಿತು. ಆ ಹಾದಿಯಲ್ಲಿ ಮುಖ ಗಂಟುಗಟ್ಟಿಸಿಕೊಂಡವರು ಇನ್ನೂ ಎಷ್ಟೋ ಜನ.

ಅದಕ್ಕೆ ಹೋಲಿಸಿದರೆ ಹೈಲುರಾನಿಕ್ ಆಮ್ಲ ಸಜ್ಜನನೆಂದೇ ಹೇಳಬೇಕು. ಮೊದಮೊದಲು ಅದನ್ನು ಹುಂಜದ ತಲೆಯ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಬಹುಮಟ್ಟಿಗೆ ಬ್ಯಾಕ್ಟೀರಿಯಗಳನ್ನು ಸಾಕಿ, ಹುದುಗು ಹಿಡಿಸಿ ಪಡೆಯುತ್ತಾರೆ. ಮೈಯಲ್ಲಿ ಒಂದೆರಡು ದಿನದಲ್ಲಿ ಕರಗಿಹೋಗುವ ಆ ಸರಗಳಿಗೆ ಅಡ್ಡಕೊಂಡಿಗಳನ್ನು ಹಾಕಿ, ತಿಂಗಳುಗಟ್ಟಲೆ ನಿಲ್ಲುವ ಲೋಳೆಯನ್ನಾಗಿ ಮಾಡಿದರು. ಸ್ವೀಡನ್ನಿನಲ್ಲಿ ತಯಾರಾದ ರೆಸ್ಟಿಲೇನ್ ಎಂಬ ಅಂಥ ಲೋಳೆ ೧೯೯೬ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂದಿತು. ೨೦೦೩ರಲ್ಲಿ ಅಮೆರಿಕೆಯ ಸರಕಾರ ಅದಕ್ಕೆ ಒಪ್ಪಿಗೆಯಿತ್ತಿತು. ಚುಚ್ಚಿಸಿಕೊಂಡರೆ ಕೆನ್ನೆ ತುಂಬುತ್ತದೆ, ತುಟಿ ಉಬ್ಬುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಗುಣ ಇಳಿಯುತ್ತದೆ. ಮತ್ತೆ ಚುಚ್ಚಿಸಬೇಕು, ಮತ್ತೆ ತೆರಬೇಕು.

ಅಪಾಯವೂ ಇದೆ. ಸೂಜಿ ತಪ್ಪಿ ರಕ್ತನಾಳದೊಳಕ್ಕೆ ಲೋಳೆ ಹೊಕ್ಕರೆ ರಕ್ತದ ಹಾದಿ ಕಟ್ಟಿ ಆ ಭಾಗದ ಚರ್ಮ ಸಾಯಬಹುದು. ಕಣ್ಣಿನ ನಾಳವನ್ನು ಅದು ಮುಟ್ಟಿದರೆ ದೃಷ್ಟಿಯೇ ಹೋಗಬಹುದು. ಇಂಥವು ವಿರಳ, ಆದರೆ ನಡೆದಿವೆ. ತಕ್ಷಣ ಕರಗಿಸಲು ಹೈಲುರಾನಿಡೇಸ್ ಎಂಬ ಕಿಣ್ವವನ್ನು ಬಲ್ಲ ವೈದ್ಯರು ಕೈಯಳತೆಯಲ್ಲಿಟ್ಟುಕೊಂಡಿರುತ್ತಾರೆ. ಈ ಕಿಣ್ವ ನಮಗೆ ಹೊಸಬನಲ್ಲ. ಹಾವಿನ ವಿಷದಲ್ಲಿ ಇರುವುದೂ ಇದೇ ಬಗೆಯ ಕಿಣ್ವ. ಹೊಲದಲ್ಲಿ ಹಾವು ಕಚ್ಚಿದಾಗ ಅಂಗಾಂಶಗಳ ನಡುವಣ ಹೈಲುರಾನಿಕ್ ಆಮ್ಲದ ಕಟ್ಟನ್ನು ಅದು ಸಡಿಲಿಸಿ ವಿಷಕ್ಕೆ ದಾರಿ ಮಾಡಿಕೊಡುತ್ತದೆ. ಕೊಲ್ಲುವುದಕ್ಕೆ ನೆರವಾಗುವ ವಸ್ತು ಬಲ್ಲವನ ಕೈಯಲ್ಲಿ ಕಾಯುವುದಕ್ಕೂ ನೆರವಾಗುತ್ತದೆ. ಅದಕ್ಕೆ ಬೇಕಾದದ್ದು ಬಲ್ಲವನ ಕೈ. ಸೌಂದರ್ಯ ಚಿಕಿತ್ಸೆ ಹೂ ಮುಡಿದಷ್ಟು ಹಗುರವಲ್ಲವೆಂಬುದನ್ನು ಕರ್ನಾಟಕ ೨೦೨೨ರ ಮೇ ತಿಂಗಳಲ್ಲಿ ಕಂಡಿತು. ಫಿಲ್ಲರ್ ಅಲ್ಲ, ಕೊಬ್ಬು ತೆಗೆಸುವ ಚಿಕಿತ್ಸೆ ಅದು. ಅದಕ್ಕೆಂದು ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಹೋದ ಇಪ್ಪತ್ತೊಂದು ವರ್ಷದ ಕಿರುತೆರೆಯ ನಟಿಯೊಬ್ಬಳು ಜೀವಂತವಾಗಿ ಮರಳಲಿಲ್ಲ.

ಇಷ್ಟು ಹೇಳಿದ್ದರಿಂದ ನಾನು ಈ ವಸ್ತುವಿನ ವೈರಿಯೆಂದು ಓದುಗರು ತಿಳಿಯಬಾರದು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ೧೯೮೦ರ ಸುಮಾರಿನಿಂದಲೂ ಅದು ಒಳಗಿನ ನವಿರಾದ ಪದರಗಳನ್ನು ಕಾಯುತ್ತ ಬಂದಿದೆ. ಪೊರೆ ತೆಗೆಸಿಕೊಂಡು ಮತ್ತೆ ಮೊಮ್ಮಕ್ಕಳ ಮುಖ ಕಂಡ ಎಷ್ಟೋ ಮುದುಕರು ಅದಕ್ಕೆ ಋಣಿಗಳು. ಗಾಯದ ಗುಣಿಯಿಂದ ಮುಖ ಮರೆಸಿಕೊಂಡು ನಡೆಯುವವರಿಗೆ, ರೋಗದಿಂದ ಕೆನ್ನೆ ಕುಸಿದವರಿಗೆ ಫಿಲ್ಲರ್ ಮರಳಿ ಜನರ ನಡುವೆ ಕೂರುವ ಧೈರ್ಯ ಕೊಡಬಲ್ಲುದು. ಅನುಕೂಲವಿದ್ದವರು, ತಿಳಿದು, ತಮ್ಮ ಸಂತೋಷಕ್ಕಾಗಿ ಮಾಡಿಸಿಕೊಂಡರೂ ಅದು ಅವರ ಇಚ್ಛೆ. ಚೆಲುವನ್ನು ಬಯಸುವುದು ಪಾಪವೆಂದು ಉಪದೇಶಿಸುವ ವೈರಾಗ್ಯ ನನ್ನದಲ್ಲ. ಹಾಗೆ ಉಪದೇಶಿಸುವವರು ಸಾಮಾನ್ಯವಾಗಿ ಹೆಂಗಸರಿಗೇ ಉಪದೇಶಿಸುತ್ತಾರೆ ಎಂಬುದನ್ನೂ ಗಮನಿಸಿದ್ದೇನೆ.

ನನ್ನ ತಕರಾರು ಬೇರೆ. ಅದು ವಸ್ತುವಿನ ಮೇಲಲ್ಲ, ಅದನ್ನು ಮಾರುವ ಮಾತಿನ ಮೇಲೆ. ನಮ್ಮ ದೇಶದಲ್ಲಿ ೧೯೭೫ರಿಂದ ‘ಫೇರ್ ಅಂಡ್ ಲವ್ಲಿ’ ಎಂಬ ಹೆಸರಿನಲ್ಲಿ ಮಾರಾಟವಾದ ಲೇಪನ ೨೦೨೦ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಬಿಳುಪು ಎಂಬ ಮಾತು ಹೋಗಿ ಹೊಳಪು ಎಂಬ ಮಾತು ಬಂದಿತು. ಈಗ ಹೊಳಪಿನ ಬದಿಯಲ್ಲಿ ತೇವವೂ ಬಂದು ಕುಳಿತಿದೆ. ಮಾತು ಬದಲಾದಷ್ಟು ಸುಲಭವಾಗಿ ಭಯ ಬದಲಾಗುವುದಿಲ್ಲ. ‘ನಿನ್ನ ಮುಖದಲ್ಲಿ ಏನೋ ಕೊರತೆಯಿದೆ’ ಎಂಬ ಒಂದೇ ವಾಕ್ಯವನ್ನು ನಿನ್ನೆ ಬಣ್ಣದ ಹೆಸರಿನಲ್ಲಿ ಹೇಳುತ್ತಿದ್ದರು, ಇಂದು ನೀರಿನ ಹೆಸರಿನಲ್ಲಿ ಹೇಳುತ್ತಾರೆ. ಹತ್ತೊಂಬತ್ತು ವರ್ಷದ ಹುಡುಗಿಯ ಚರ್ಮದಲ್ಲಿ ಈ ವಸ್ತುವಿಗೆ ಏನೂ ಬಡತನವಿಲ್ಲ. ಅವಳ ದೇಹ ದಿನವೂ ಉಚಿತವಾಗಿ ಮಾಡಿಕೊಳ್ಳುವುದನ್ನೇ, ಅವಳಲ್ಲಿ ಇಲ್ಲವೆಂದು ಹೆದರಿಸಿ, ಅವಳ ತಾಯಿಯ ಮೂರು ದಿನದ ಕೂಲಿಗೆ ಮಾರಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ನಮ್ಮಲ್ಲಿದೆ. ವಿಜ್ಞಾನದ ಹೆಸರು ಹೊತ್ತು ಬಂದುದೆಲ್ಲ ವಿಜ್ಞಾನವಲ್ಲವೆಂಬುದನ್ನೂ ಅದರ ಬದಿಗೆ ಇಟ್ಟುಕೊಳ್ಳಬೇಕಾದ ಕಾಲ ಇದು.

ಆದರೆ ತಪ್ಪನ್ನೆಲ್ಲ ಅಂಗಡಿಕಾರನ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಅದು ಪ್ರಾಮಾಣಿಕತೆಯಾಗದು. ಭಯವನ್ನು ಬಿತ್ತಿದವರು ನಾವು. ಅವನು ಫಸಲು ಕೊಯ್ಯುವವನು. ‘ಮುಖ ನೋಡಿ ಮಣೆ ಹಾಕು’ ಎಂಬ ಮಾತು ನಮ್ಮ ನುಡಿಯಲ್ಲಿಯೇ ಇದೆಯಲ್ಲವೆ? ಕೆಲವು ವರ್ಷಗಳ ಹಿಂದೆ ಬಂಧುಗಳ ಪೈಕಿ ಒಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ಹಿರಿಯನೆಂದು ನಾನೂ ಹೋಗಿದ್ದೆ. ಹುಡುಗಿ ಓದಿದವಳು, ಮಾತು ಬಲ್ಲವಳು. ಅವಳು ಚಹ ಕೊಟ್ಟು ಒಳಗೆ ಹೋದೊಡನೆ ಗಂಡಿನ ಕಡೆಯ ಒಬ್ಬರು, “ಎಲ್ಲಾ ಚಲೋ ಅದ, ಆದ್ರ ಹುಡುಗಿ ಒಂದೀಟು ಕಪ್ಪು” ಎಂದರು. ಬಾಗಿಲಿಗೆ ಪರದೆಯಿತ್ತು, ಗೋಡೆಯಿರಲಿಲ್ಲ. ಒಳಗೆ ಬಳೆಯ ಸದ್ದು ನಿಂತದ್ದು ನನಗೆ ಕೇಳಿಸಿತು. ನಾನು ಅಡಕೆ ಅಗಿಯುತ್ತ ಸುಮ್ಮನೆ ಕುಳಿತಿದ್ದೆ. ಆ ದಿನ ನಾನು ಆಡದೆ ಉಳಿಸಿದ ಮಾತಿನ ಬೆಲೆಯನ್ನು ಈ ಹುಡುಗಿ ಈಗ ಅಂಗಡಿಯಲ್ಲಿ ತೆತ್ತು ಬಂದಿದ್ದಾಳೆ ಎಂದು ನನಗೆ ಅನ್ನಿಸಿತು.

ಇನ್ನು ನಮ್ಮ ಸೀಮೆಯ ಚರ್ಮಕ್ಕೆ ನಿಜವಾಗಿ ಬೇಕಾದದ್ದೇನು? ಸೂರ್ಯ ನೆತ್ತಿಗೇರುವ ಮುಂಚೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಹೆಂಗಸರನ್ನು ನೋಡಿ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಸೆರಗು. ಯಾವ ಚರ್ಮವೈದ್ಯನೂ ಇದಕ್ಕಿಂತ ಒಳ್ಳೆಯ ಸಲಹೆ ಕೊಡಲಾರ; ಆ ಹಳೆಯ ಅಂಗಿಯೇ ಅವರ ಪಾಲಿನ ದೊಡ್ಡ ಲೇಪನ. ಬೇಕಾದದ್ದು ಹೊಲದ ಬದಿಯಲ್ಲೊಂದು ನೆರಳು, ನಡುಹಗಲಿನಲ್ಲಿ ಎರಡು ಗಂಟೆಯ ಬಿಡುವು, ಕುಡಿಯಲು ಶುದ್ಧವಾದ ನೀರು. ನೀರಿನ ಮಾತು ಅಲಂಕಾರಕ್ಕೆ ಆಡಿದ್ದಲ್ಲ. ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್ ಜನರ ಚರ್ಮದ ಮೇಲೆ ಕಲೆಗಳಾಗಿ, ಗಂಟುಗಳಾಗಿ ಮೂಡಿದ್ದನ್ನು ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಚರ್ಮದ ಕಷ್ಟವೆಂದರೆ ಅದು. ಅದಕ್ಕೆ ಹೊಳೆಯುವ ಶೀಷೆಯೂ ಇಲ್ಲ, ನಗುವ ನಟಿಯ ಚಿತ್ರವೂ ಇಲ್ಲ. ರಾಯಚೂರಿನಲ್ಲಿ ೨೦೦೭ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಅಲ್ಲಿನ ಚರ್ಮತಜ್ಞರು ತಿಂಗಳಿಗೊಮ್ಮೆಯಾದರೂ ತಾಲ್ಲೂಕಿನ ಊರುಗಳಿಗೆ ಬಂದು ಕೂರುವಂತಾದರೆ ಎಷ್ಟೋ ಮನೆಗಳ ಹಣವೂ ಉಳಿದೀತು, ಮುಖವೂ ಉಳಿದೀತು.

ಶಿಕ್ಷಕರಾದ ನಮಗೂ ಇದರಲ್ಲಿ ಕೆಲಸವಿದೆ. ಜೀವಶಾಸ್ತ್ರದ ಪಾಠದಲ್ಲಿ ಚರ್ಮದ ಚಿತ್ರ ಬರೆಯಿಸಿ ಅಂಕ ಕೊಡುತ್ತೇವೆ. ಆ ಚಿತ್ರವನ್ನು ಹಿಡಿದು ಒಂದು ಜಾಹೀರಾತನ್ನು ಪರೀಕ್ಷಿಸಲು ಹೇಳಿಕೊಡುವುದಿಲ್ಲ. ೧೯೪೦ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಔಷಧವೇ ಬೇರೆ, ಕಾಂತಿವರ್ಧಕವೇ ಬೇರೆ ಎಂದು ವಿಂಗಡಿಸಿದೆ. ಅಲಂಕಾರದ ವಸ್ತು ಔಷಧದ ಮಾತಾಡಿದರೆ ಸಂಶಯಪಡಬೇಕೆಂದು ಮಕ್ಕಳಿಗೆ ತಿಳಿದಿರಬೇಕು. ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಪಡೆಯಲೇಬೇಕೆಂದು ೨೦೦೭ರ ಕರ್ನಾಟಕದ ಕಾಯ್ದೆ ಹೇಳುತ್ತದೆ. ಮುಖಕ್ಕೆ ಸೂಜಿ ಹಿಡಿದು ಬಂದವರನ್ನು ‘ನಿಮ್ಮ ನೋಂದಣಿ ಎಲ್ಲಿದೆ? ಶೀಷೆಯಲ್ಲಿರುವುದೇನು? ಕರಗಿಸುವ ಔಷಧ ಹತ್ತಿರವಿದೆಯೆ?’ ಎಂದು ಕೇಳುವ ಧೈರ್ಯವೂ ವಿದ್ಯೆಯ ಭಾಗವೇ. ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ‘ನನ್ನಲ್ಲಿ ಕೊರತೆಯಿದೆಯೆಂದು ಹೇಳಿದವರು ಯಾರು?’

ಹದಿನೈದು ದಿನದ ಮೇಲೆ ಆ ಹುಡುಗಿ ಮತ್ತೆ ಸಿಕ್ಕಳು. ತಿಳಿದದ್ದನ್ನೆಲ್ಲ ಹೇಳಿದೆ, ಎರೆಹೊಲದ ಉಪಮಾನ ಅವಳಿಗೆ ಹಿಡಿಸಿತು. “ಹಂಗಾದ್ರ ಉಳಿದದ್ದು ಏನು ಮಾಡ್ಲಿ, ಸರ್? ಚೆಲ್ಲಾಕ ಮನಸ್ಸು ಬರೂದಿಲ್ಲ” ಎಂದಳು. ಚೆಲ್ಲಬೇಕಾಗಿಲ್ಲ, ಹಸಿ ಮೈಗೆ ಹಚ್ಚಿ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಒಣಚರ್ಮಕ್ಕೆ ಒಳ್ಳೆಯದೇ ಎಂದೆ. ಮುಂದಿನ ವಾರ ಅವಳು ತಾನಾಗಿಯೇ ಬಂದು ಹೇಳಿದಳು: “ಅವ್ವನ ಹಿಮ್ಮಡಿ ಒಡೆದು ರಕ್ತ ಬರ್ತಿತ್ತು, ಸರ್. ರಾತ್ರಿ ಕಾಲು ತೊಳೆದು ಅದಕ್ಕ ಹಚ್ಚೇನಿ. ‘ಇಷ್ಟು ರೊಕ್ಕದ್ದು ಕಾಲಿಗೆ ಹಚ್ಚತೀಯೇನ?’ ಅಂತ ಬೈದ್ಲು. ಆದ್ರ ಕಾಲು ಹಿಂದಕ್ಕ ಎಳಕೊಳ್ಳಲಿಲ್ಲ.”